ಗಾಳಕ್ಕೆ ಜಿಲೇಬಿಯೇ ಏಕೆ ಬೀಳುತ್ತದೆ?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿದರೆ, ವಾಯುಸೇವನೆಗೆ ಬಂದ ಹಿರಿಯರ ನಡುವೆ ಮತ್ತೊಂದು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಇವರಿಗೆ ನಡೆಯುವ ಆತುರವಿಲ್ಲ. ನೀರಂಚಿನ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದೇ ಕಡೆ ನೋಡುತ್ತಿರುತ್ತಾರೆ. ಹೈಸ್ಕೂಲು ಹುಡುಗರು, ರಜೆ ಸಿಕ್ಕ ಕೆಲಸಗಾರರು, ಒಬ್ಬಿಬ್ಬರು ನಿವೃತ್ತರು. ಕೆಲವರ ಕೈಯಲ್ಲಿ ಪೇಟೆಯಿಂದ ತಂದ ರಾಟೆಯ ಕೋಲು ಇರುತ್ತದೆ. ಹೆಚ್ಚಿನವರಲ್ಲಿ ಇರುವುದು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ದಾರ, ಒಂದು ಗಾಳ, ಚಪ್ಪಲಿಯ ರಬ್ಬರಿನಿಂದ ಕತ್ತರಿಸಿದ ಬೆಂಡು, ಮತ್ತು ಕಾಗದದಲ್ಲಿ ಕಟ್ಟಿಕೊಂಡು ಬಂದ ಗೋಧಿಹಿಟ್ಟಿನ ಉಂಡೆ ಅಥವಾ ಎರೆಹುಳು.

ಮನೆಯಲ್ಲಿ ಬೈಗುಳ ತಿನ್ನುವ ಹವ್ಯಾಸಗಳಲ್ಲಿ ಇದಕ್ಕೆ ಮೊದಲ ಸ್ಥಾನವಿದ್ದೀತು. ಪರೀಕ್ಷೆ ಹತ್ತಿರವಿರುವಾಗ ಮಗ ಕೆರೆಯ ದಡದಲ್ಲಿ ಮೂರು ಗಂಟೆ ಕಳೆದ ಎಂದರೆ ಯಾವ ತಂದೆ ಸುಮ್ಮನಿದ್ದಾನು? ಆದರೆ ಗಾಳ ಹಿಡಿದ ಹುಡುಗ ಆ ಮೂರು ಗಂಟೆಯಲ್ಲಿ ಎಷ್ಟು ಪಾಠ ಓದಿರುತ್ತಾನೆ ಎಂಬುದನ್ನು ಲೆಕ್ಕ ಹಾಕಿದರೆ ಬೈಗುಳದ ಕಾವು ಕೊಂಚ ಇಳಿಯಬಹುದು.

ಬೆಂಡಿನಿಂದಲೇ ಶುರು ಮಾಡೋಣ. ಅದು ಆರ್ಕಿಮಿಡೀಸನ ತತ್ತ್ವದ ಸರಳ ಉಪಕರಣ. ಬೆಂಡು ಹಗುರ, ಇಷ್ಟೇ ಆದರೆ ಅದು ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ದಾರಕ್ಕೆ ಸಣ್ಣ ತೂಕ ಕಟ್ಟಿದಾಗ ನೆಟ್ಟಗೆ ನಿಲ್ಲುತ್ತದೆ. ತೂಕವನ್ನು ಇನ್ನಷ್ಟು ಹೆಚ್ಚಿಸಿ, ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಂತೆ ಮಾಡಿದರೆ ಅದು ಮುಳುಗಲು ಬೇಕಾದ ಬಲ ತೀರಾ ಕಡಿಮೆ. ಮೀನು ಮೂತಿಯಿಂದ ಮುಟ್ಟಿದರೂ ಸಾಕು, ಅಲುಗುತ್ತದೆ. ನುರಿತವರು ಇದನ್ನು ಒಂದೆರಡು ನಿಮಿಷದಲ್ಲಿ ಹೊಂದಿಸುತ್ತಾರೆ. ಉತ್ಪ್ಲವನ ಬಲ ಎಂಬ ಹೆಸರು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಪಾಠದಲ್ಲಿ ಆ ಹೆಸರನ್ನು ಉರು ಹಚ್ಚಿದವರಿಗೆ ಬೆಂಡು ಹೊಂದಿಸಲು ಬರುವುದಿಲ್ಲ.

ಅವರು ಕುಕ್ಕರಗಾಲಿನಲ್ಲಿ ಏಕೆ ಕೂರುತ್ತಾರೆ? ದಣಿವಿಗಲ್ಲ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುತ್ತದೆ ಎಂಬುದು ಹತ್ತನೆಯ ತರಗತಿಯವರಿಗೆ ತಿಳಿದ ವಿಷಯ. ನೀರಿನ ವಕ್ರೀಭವನ ಸೂಚ್ಯಂಕ 1.33, ಕ್ರಾಂತಿಕ ಕೋನ ಸುಮಾರು 48.6 ಡಿಗ್ರಿ. ಇದರ ಪರಿಣಾಮವನ್ನು ಮೀನಿನ ಕಣ್ಣಿನಿಂದ ಊಹಿಸಿ ನೋಡಿ. ದಿಗಂತದಿಂದ ದಿಗಂತದವರೆಗಿನ ಹೊರಪ್ರಪಂಚವೆಲ್ಲ ಅದಕ್ಕೆ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಒಂದು ಮೀಟರ್ ಆಳದಲ್ಲಿರುವ ಮೀನಿಗೆ ಈ ಕಿಟಕಿಯ ಅಗಲ ಸುಮಾರು ಎರಡೂಕಾಲು ಮೀಟರ್. ಕಿಟಕಿಯ ಆಚೆಗೆ ನೀರಿನ ಮೇಲ್ಮೈ ಕನ್ನಡಿಯಂತಾಗಿ, ಕೆರೆಯ ತಳದ ಪ್ರತಿಬಿಂಬವನ್ನೇ ತೋರಿಸುತ್ತದೆ. ದಡದಲ್ಲಿ ಎದ್ದು ನಿಂತವನು ಕಿಟಕಿಯೊಳಗೆ ಚೆನ್ನಾಗಿಯೇ ಕಾಣುತ್ತಾನೆ. ತಗ್ಗಿ ಕೂತವನು ಅದರ ಅಂಚಿನಲ್ಲಿ ಒಂದು ತೆಳು ಗೆರೆಯಾಗಿ ಚಪ್ಪಟೆಯಾಗುತ್ತಾನೆ.

ಇನ್ನು ‘ಮಾತಾಡಬೇಡ, ಮೀನು ಓಡುತ್ತದೆ’ ಎಂಬ ಗದರಿಕೆ. ಇದು ಅರ್ಧ ಮಾತ್ರ ನಿಜ. ಗಾಳಿಯಲ್ಲಿ ಹೊರಟ ಶಬ್ದದ ಶಕ್ತಿಯಲ್ಲಿ ನೀರಿಗೆ ಇಳಿಯುವುದು ಸಾವಿರದಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಮೇಲ್ಮೈಯಿಂದಲೇ ಪ್ರತಿಫಲಿಸಿ ಹಿಂದಿರುಗುತ್ತದೆ. ಆದ್ದರಿಂದ ಪಕ್ಕದವನೊಂದಿಗೆ ಕ್ರಿಕೆಟ್ ಮಾತಾಡಿದರೆ ಮೀನಿಗೇನೂ ತೊಂದರೆಯಿಲ್ಲ. ದಡದ ಕಲ್ಲಿನ ಮೇಲೆ ಧಪಧಪನೆ ಓಡಾಡಿದರೆ ಮಾತ್ರ ಕಂಪನ ನೆಲದಿಂದ ನೇರವಾಗಿ ನೀರಿಗೆ ಹೋಗುತ್ತದೆ. ಮೀನು ಅದನ್ನು ತನ್ನ ಪಕ್ಕೆಯ ಪಾರ್ಶ್ವರೇಖೆಯಿಂದಲೂ ಒಳಗಿವಿಯಿಂದಲೂ ತಿಳಿಯುತ್ತದೆ. ಗೆಂಡೆ ಜಾತಿಯ ಮೀನುಗಳಿಗಂತೂ ಈಜುಚೀಲವನ್ನು ಒಳಗಿವಿಗೆ ಜೋಡಿಸುವ ಪುಟ್ಟ ಮೂಳೆಗಳ ಸರಪಳಿಯೇ ಇದೆ. ವೇಬರನ ಮೂಳೆಗಳು ಎಂದು ಇವಕ್ಕೆ ಹೆಸರು. ಹೊಟ್ಟೆಯೊಳಗಿನ ಗಾಳಿಚೀಲವೇ ಕಿವಿಯ ತಮಟೆಯಾದಂತೆ. ಜಿಲೇಬಿಗೆ ಈ ಅನುಕೂಲವಿಲ್ಲ.

ಜಿಲೇಬಿ ಎಂದಾಗ ಸಿಹಿ ನೆನಪಾದವರು ಕ್ಷಮಿಸಬೇಕು. ನಮ್ಮ ಕಡೆ ತಿಲಾಪಿಯಾ ಮೀನಿಗೆ ಇರುವ ಹೆಸರು ಅದು. ನಗರದ ಕೆರೆಗಳಲ್ಲಿ ಗಾಳ ಹಾಕುವವರನ್ನು ‘ಇವತ್ತು ಏನು ಬಿತ್ತು?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಸಲ ಬರುವ ಉತ್ತರವೂ ಅದೇ. ಏಕೆ ಹೀಗೆ? ಕೆರೆಗಳಿಗೆ ಮೀನುಮರಿ ಬಿಡುವವರು ಸಾಮಾನ್ಯವಾಗಿ ಬಿಡುವುದು ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯನ್ನು. ಇವು ಒಂದರ ಊಟವನ್ನು ಇನ್ನೊಂದು ಕಸಿಯುವುದಿಲ್ಲ. ಕಾಟ್ಲಾದ ದೊಡ್ಡ ಬಾಯಿ ಮೇಲಕ್ಕೆ ತೆರೆದಿದೆ. ಅದು ಮೇಲ್ನೀರಿನ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಬಾಯಿಯ ಆಕಾರ ನೋಡಿಯೇ ಗಾಳವನ್ನು ಎಷ್ಟು ಆಳಕ್ಕೆ ಇಳಿಸಬೇಕೆಂದು ಹೇಳಬಹುದು. ಹೀಗೆ ಮೂರು ಅಂತಸ್ತಿನಲ್ಲೂ ಬಾಡಿಗೆದಾರರನ್ನು ಇಟ್ಟ ಮನೆಯಲ್ಲಿ, ಯಾರೂ ಕರೆಯದೆ ಬಂದ ಒಬ್ಬನೇ ಇಡೀ ಮನೆ ಆಕ್ರಮಿಸಿರುವುದೇಕೆ?

ಉತ್ತರ ನೀರಿನಲ್ಲಿ ಕರಗಿದ ಆಮ್ಲಜನಕದಲ್ಲಿದೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಸಮುದ್ರಮಟ್ಟದಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ಲೀಟರ್ ಶುದ್ಧ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲದ್ದು 8 ಮಿಲಿಗ್ರಾಂಗೆ ಸ್ವಲ್ಪ ಹೆಚ್ಚು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ಅದೂ ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ನಾವು ಉಸಿರಾಡುವುದರ ಮೂವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಲ್ಲಿ ಮೀನು ಸಂಸಾರ ನಡೆಸಬೇಕು. ನೀರು ಬಿಸಿಯಾದಷ್ಟೂ ಈ ಪಾಲು ಮತ್ತೂ ಕುಗ್ಗುತ್ತದೆ. ಮೀನಿನ ಮೈ ಬಿಸಿಯೂ ನೀರಿನೊಂದಿಗೇ ಏರುವುದರಿಂದ ಅದರ ಉಸಿರಿನ ಅಗತ್ಯ ಮಾತ್ರ ಹೆಚ್ಚುತ್ತದೆ. ಬೇಸಿಗೆ ಎಂದರೆ ಮೀನಿಗೆ ಆದಾಯ ಇಳಿದು ಖರ್ಚು ಏರುವ ಕಾಲ.

ಈ ಕೆರೆಗೆ ಚರಂಡಿ ನೀರು ಸೇರಿತೆನ್ನಿ. ಅದರಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾಗಳು ತಿಂದು ಹಾಕುತ್ತವೆ, ಒಳ್ಳೆಯದೇ. ಆದರೆ ತಿನ್ನುವಾಗ ಅವೂ ಉಸಿರಾಡುತ್ತವೆ, ಅದೇ ಏಳೂವರೆ ಮಿಲಿಗ್ರಾಂನಿಂದ. ಜೊತೆಗೆ ಚರಂಡಿಯ ಸಾರಜನಕ, ರಂಜಕಗಳನ್ನು ಗೊಬ್ಬರ ಮಾಡಿಕೊಂಡು ಪಾಚಿ ಬೆಳೆಯುತ್ತದೆ. ಹಗಲು ಪಾಚಿಯ ದ್ಯುತಿಸಂಶ್ಲೇಷಣೆಯಿಂದ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುತ್ತದೆ. ಸೂರ್ಯ ಮುಳುಗಿದ ಮೇಲೆ ಪಾಚಿಯದು ಬರೀ ಉಸಿರಾಟ. ರಾತ್ರಿಯಿಡೀ ಕೆರೆ ಕೂಡಿಟ್ಟದ್ದನ್ನು ಕಳೆಯುತ್ತದೆ. ಬೆಳಗಿನ ಜಾವಕ್ಕೆ ಬೊಕ್ಕಸ ಬರಿದು. ಸೂರ್ಯೋದಯದ ಹೊತ್ತಿಗೆ ಮೀನುಗಳು ಗುಂಪುಗುಂಪಾಗಿ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುವುದನ್ನು ನೋಡಿದವರು ‘ಎಷ್ಟು ಸಮೃದ್ಧವಾಗಿದೆ ಕೆರೆ!’ ಎಂದು ಸಂತೋಷಪಡುವುದುಂಟು. ಅದು ಸಮೃದ್ಧಿಯಲ್ಲ, ಏದುಸಿರು. ಗಾಳಿ ತಾಗುವ ಮೇಲ್ಮೈಯ ತೆಳು ಪದರದಲ್ಲಿ ಮಾತ್ರ ಉಸಿರಾಡುವಷ್ಟು ಆಮ್ಲಜನಕ ಉಳಿದಿರುವುದರಿಂದ ಅವು ಅಲ್ಲಿಗೆ ಬಂದಿವೆ. ಅಂಥ ಹೊತ್ತಿನಲ್ಲಿ ಗೆಂಡೆ ಮೀನು ಆಹಾರ ಮುಟ್ಟುವುದಿಲ್ಲ. ಗಾಳ ಹಾಕಿ ಎರಡು ಗಂಟೆ ಕಾದು ‘ಇವತ್ತು ಅದೃಷ್ಟವಿಲ್ಲ’ ಎಂದು ಎದ್ದುಹೋಗುವವನ ಅದೃಷ್ಟಕ್ಕಿಂತ ಕೆರೆಯ ಅದೃಷ್ಟವೇ ಕೆಟ್ಟಿರುತ್ತದೆ.

ಈ ಏದುಸಿರು ಯಾವ ಹಂತಕ್ಕೆ ಹೋಗಬಹುದು ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ಸದಾಶಿವನಗರ, ಮಲ್ಲೇಶ್ವರಗಳ ನಡುವಿನ ಸ್ಯಾಂಕಿ ಕೆರೆ 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು, ಊರಿಗೆ ನೀರು ಒದಗಿಸಲೆಂದು. 1995ರ ಜೂನ್ ತಿಂಗಳಲ್ಲಿ ಅಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು ಕಂಡ ಕಾರಣ, ಕೆರೆಗೆ ನುಗ್ಗಿದ ಚರಂಡಿ ನೀರಿನಿಂದ ಆಮ್ಲಜನಕ ಒಮ್ಮೆಗೇ ಕುಸಿದದ್ದು. ಅಂದರೆ ಮೀನುಗಳು ಉಸಿರುಗಟ್ಟಿ ಸತ್ತವು, ಅದೂ ನೀರಿನಲ್ಲಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲೂ ಸಾವಿರಾರು ಮೀನುಗಳ ಹೆಣ ಬಿದ್ದಿದ್ದವು. ಇಂಥವು ಹೆಚ್ಚಾಗಿ ನಡೆಯುವುದು ಬೇಸಿಗೆಯಲ್ಲಿ ಅಥವಾ ಮೊದಲ ಮಳೆಯ ಆಸುಪಾಸಿನಲ್ಲಿ ಎಂಬುದನ್ನು ಗಮನಿಸಬೇಕು. ಬೇಸಿಗೆಯ ಬಿಸಿನೀರು ಒಂದು ಕಡೆ. ತಿಂಗಳುಗಟ್ಟಲೆ ಮೋರಿಗಳಲ್ಲಿ ಕೂತ ಕೊಳೆಯನ್ನು ಮೊದಲ ಮಳೆ ಒಂದೇ ಸಲ ಗುಡಿಸಿ ತರುವುದು ಇನ್ನೊಂದು ಕಡೆ. ಮೋಡ ಮುಸುಕಿ ಪಾಚಿಗೂ ಬಿಸಿಲು ಸಿಗದಿದ್ದರೆ ಮುಗಿಯಿತು. ಮೀನು ಸತ್ತ ದಿನ ‘ಯಾರೋ ವಿಷ ಹಾಕಿರಬೇಕು’ ಎಂಬ ಮಾತು ಊರಲ್ಲಿ ಹಬ್ಬುತ್ತದೆ. ಮೋರಿಯ ಕಡೆಗೆ ಯಾರ ಬೆರಳೂ ಹೋಗುವುದಿಲ್ಲ, ಏಕೆಂದರೆ ಅದು ಎಲ್ಲರ ಮನೆಯಿಂದಲೂ ಬಂದದ್ದು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವಾದ ನೀರು ‘ಡಿ’ ದರ್ಜೆಯದು. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಅದಕ್ಕಿಂತ ಕೆಳಗೆ ಇಳಿದಂತೆ ಕಾಟ್ಲಾ, ರೋಹುಗಳು ಸೊರಗುತ್ತವೆ. ಜಿಲೇಬಿ ಸೊರಗುವುದಿಲ್ಲ. 1 ಮಿಲಿಗ್ರಾಂಗೆ ಇಳಿದರೂ ಅದು ಕೆಲವು ಗಂಟೆ ಹೇಗೋ ತಳ್ಳುತ್ತದೆ. ಪಾಚಿ, ಹುಳು, ಕೊಳೆ, ಗೋಧಿಹಿಟ್ಟು, ಏನು ಕೊಟ್ಟರೂ ತಿನ್ನುತ್ತದೆ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾದ ಮೀನಿನ ಸಂಸಾರವೂ ವಿಶೇಷವಾದದ್ದು. ಗಂಡು ಕೆರೆಯ ತಳದಲ್ಲಿ ಬೋಗುಣಿಯಂಥ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಎಲ್ಲವನ್ನೂ ಬಾಯಿಗೆ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆದು ಮರಿಗಳು ಈಜುವವರೆಗೆ ತಾಯಿಯ ಬಾಯೇ ತೊಟ್ಟಿಲು. ಅಪಾಯ ಬಂದರೆ ಮರಿಗಳು ಮತ್ತೆ ಬಾಯೊಳಕ್ಕೆ ಓಡುತ್ತವೆ. ಆ ದಿನಗಳಲ್ಲಿ ತಾಯಿ ಹೆಚ್ಚುಕಡಿಮೆ ಉಪವಾಸ. ಕಾಟ್ಲಾ, ರೋಹುಗಳು ಲಕ್ಷಗಟ್ಟಲೆ ಮೊಟ್ಟೆ ಇಟ್ಟರೂ ಕೆರೆಯ ನಿಂತ ನೀರಿನಲ್ಲಿ ಇಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿಯುವ ನೀರು ಬೇಕು. ಜಿಲೇಬಿಗೆ ಅಂಥ ಯಾವ ಮುಹೂರ್ತವೂ ಬೇಡ. ಬೆಚ್ಚಗಿನ ನೀರಿದ್ದರೆ ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಹುಡುಗರು ಅಂಗೈಯಗಲದ ಜಿಲೇಬಿಯನ್ನು ‘ಪಾಪ, ಮರಿ’ ಎಂದು ನೀರಿಗೆ ಬಿಡುವುದುಂಟು. ಎಷ್ಟೋ ಸಲ ಅದು ಮರಿಯಲ್ಲ, ನಾಲ್ಕಾರು ಸಂಸಾರ ಕಂಡ ಗೃಹಿಣಿ. ಇಕ್ಕಟ್ಟಿನ ಕೆರೆಯಲ್ಲಿ ಈ ಜಾತಿ ಕುಳ್ಳಾಗಿಯೇ ಪ್ರಾಯಕ್ಕೆ ಬರುತ್ತದೆ.

ಇದರಿಂದ ಗಾಳ ಹಾಕುವವನಿಗೆ ಒಂದು ಲೆಕ್ಕ ಸಿಗುತ್ತದೆ. ನಾಲ್ಕಾರು ಜಾತಿಯ ಮೀನು ಬೀಳುವ ಕೆರೆ ಉಸಿರಾಡುತ್ತಿದೆ. ವರ್ಷವಿಡೀ ಜಿಲೇಬಿ ಬಿಟ್ಟು ಬೇರೇನೂ ಬೀಳದಿದ್ದರೆ ಆ ಕೆರೆಯನ್ನು ಸಂಶಯದಿಂದ ನೋಡಬೇಕು. ಜಿಲೇಬಿಯೂ ಇಲ್ಲದೆ, ಗಾಳಿಯನ್ನೇ ನೇರವಾಗಿ ನುಂಗಿ ಉಸಿರಾಡಬಲ್ಲ ಮೀಸೆ ಮೀನು ಮಾತ್ರ ಸಿಗುತ್ತಿದ್ದರೆ, ಆ ನೀರಿಗೆ ಇಳಿಯದಿರುವುದೇ ಲೇಸು. ಮರಿ ಬಿಟ್ಟಿದ್ದಾರೋ ಇಲ್ಲವೋ ಎಂಬುದೂ ಇದರಲ್ಲಿ ಸೇರುವುದರಿಂದ ಲೆಕ್ಕ ತಪ್ಪಬಹುದು. ಆದರೂ ದುಡ್ಡಿಲ್ಲದೆ ಸಿಗುವ ಮೊದಲ ಸುಳಿವು ಇದು.

ಹಾಗಾದರೆ ಹಿಡಿದ ಮೀನನ್ನು ತಿನ್ನಬಹುದೆ? ತಾಯಂದಿರು ಕೇಳುವ ಪ್ರಶ್ನೆ ಇದೇ. ಜಿಲೇಬಿ ಮೀನಿನಲ್ಲಿ ದೋಷವಿಲ್ಲ. ಒಳ್ಳೆಯ ನೀರಿನಲ್ಲಿ ಸಾಕಿದ್ದನ್ನು ಜಗತ್ತೆಲ್ಲ ತಿನ್ನುತ್ತದೆ. ದೋಷ ಇರಬಹುದಾದದ್ದು ನೀರಿನಲ್ಲಿ. ಕೊಳೆಯ ರೋಗಾಣುಗಳು ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಆದರೆ ಕಾರ್ಖಾನೆ, ಗ್ಯಾರೇಜುಗಳ ನೀರಿನೊಂದಿಗೆ ಬರುವ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಬೆಂಕಿಗೆ ಹೆದರುವುದಿಲ್ಲ. ಅವು ಕೆಸರಿನಲ್ಲಿ ಕೂತು, ಹುಳುವಿನ ಮೂಲಕ ಮೀನಿನ ಕಿವಿರು, ಪಿತ್ತಜನಕಾಂಗಗಳಲ್ಲಿ ಸೇರುತ್ತವೆ. ಮಾಂಸದಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುತ್ತವೆ, ಇಲ್ಲವೆನ್ನುವಂತಿಲ್ಲ. ಬೆಳೆಯುವ ಮಕ್ಕಳಿಗೆ ಸೀಸ ಅಲ್ಪ ಪ್ರಮಾಣದಲ್ಲೂ ಕೆಟ್ಟದ್ದು. ಚರಂಡಿ ಸೇರುವ ಕೆರೆಯ ಮೀನು ಮನೆಯ ಬಾಣಲೆಗೆ ಬರಬಾರದು. ಈ ವಿಷಯದಲ್ಲಿ ‘ಒಂದು ಸಲ ತಾನೆ’ ಎಂಬ ರಿಯಾಯಿತಿ ಬೇಡ.

ತಿನ್ನುವುದಿಲ್ಲವಾದರೆ ಹಿಡಿಯುವುದೇಕೆ ಎಂದು ಅಜ್ಜಿ ಕೇಳಿದರೆ, ಉತ್ತರಿಸುವುದು ಸುಲಭವಲ್ಲ. ಮೀನಿಗೆ ನೋವಾಗುವುದಿಲ್ಲ ಎಂದು ಬಹುಕಾಲ ಹೇಳಿಕೊಂಡು ಬಂದದ್ದುಂಟು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಸಂಕೇತ ಒಯ್ಯುವ ನರತುದಿಗಳನ್ನು ತೋರಿಸಿಕೊಟ್ಟ ಮೇಲೆ ಆ ಮಾತು ಸಡಿಲಾಯಿತು. ಮೀನು ಅದನ್ನು ನಮ್ಮಂತೆ ಅನುಭವಿಸುತ್ತದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ. ಸ್ವಿಟ್ಜರ್ಲೆಂಡ್ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಕಾನೂನಿನಿಂದ ನಿಲ್ಲಿಸಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಇದಕ್ಕೆ ತದ್ವಿರುದ್ಧ: ಅಲ್ಲಿನ ಹಾರ್ಲೆಮ್ ಮೀರ್ ಎಂಬ ಕೊಳದಲ್ಲಿ ಮಕ್ಕಳಿಗೆ ಬಿದಿರುಕೋಲು, ಜೋಳದ ಕಾಳುಗಳನ್ನು ಕೈಗಿತ್ತು, ಹಿಡಿದದ್ದನ್ನು ಬಿಟ್ಟುಬಿಡಬೇಕು ಎಂಬ ಷರತ್ತಿನೊಂದಿಗೆ ಕೂರಿಸುತ್ತಾರೆ. ಎರಡು ದೇಶ, ಎರಡು ನ್ಯಾಯ. ಮನೆಯಲ್ಲಿ ಈ ಬಗ್ಗೆ ವಾದ ನಡೆದರೆ ನಡೆಯಲಿ. ಮಕ್ಕಳು ಅಜ್ಜಿಯ ಪಕ್ಷ ವಹಿಸಿದರೂ ನಷ್ಟವಿಲ್ಲ.

ಹಿಡಿದೇ ಹಿಡಿಯುವವರು ಕೆಲವು ಕ್ರಮ ತಿಳಿದಿರಬೇಕು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದರೆ ಮೀನಿನ ತುಟಿ ಹರಿಯದೆ ಕಳಚುತ್ತದೆ; ಆಕಸ್ಮಿಕವಾಗಿ ಹುಡುಗನ ಬೆರಳಿಗೆ ಚುಚ್ಚಿದಾಗಲೂ ಹಾಗೆಯೇ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗೈ ಅದರ ಮೈಮೇಲಿನ ಲೋಳೆಯನ್ನು ಒರೆಸಿಬಿಡುತ್ತದೆ, ಬೂಷ್ಟು ರೋಗಕ್ಕೆ ಅಲ್ಲಿಂದಲೇ ದಾರಿ. ತುಂಡಾದ ನೈಲಾನ್ ದಾರವನ್ನು ಅಲ್ಲೇ ಬಿಸಾಡುವುದಂತೂ ಕೂಡದು. ನೀರುಕಾಗೆ, ಕೊಕ್ಕರೆಗಳ ಕಾಲಿಗೆ ಅದು ಸುತ್ತಿಕೊಂಡರೆ ಬಿಡಿಸುವವರಿಲ್ಲ. ತೂಕಕ್ಕೆ ಸೀಸದ ಗುಂಡು ಬೇಡ, ಸಣ್ಣ ಕಬ್ಬಿಣದ ನಟ್ಟು ಸಾಕು. ದಡದಲ್ಲಿ ಬಿದ್ದ ಸೀಸದ ಗುಂಡನ್ನು ಹಂಸಗಳು ನುಂಗಿ ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲೇ ಅಂಥ ಸಣ್ಣ ಗುಂಡುಗಳ ಮಾರಾಟ ನಿಲ್ಲಿಸಿತು.

ಮನೆಯ ಗಾಜಿನ ತೊಟ್ಟಿಯ ಮೀನು ದೊಡ್ಡದಾಯಿತೆಂದು ಕೆರೆಗೆ ಬಿಡುವ ‘ದಯೆ’ ಕೂಡ ಬೇಡ. ತೊಟ್ಟಿಯ ಪಾಚಿ ನೆಕ್ಕಲೆಂದು ಕೊಳ್ಳುವ ಚಿಪ್ಪುಮೈಯ ಮೀನು ದಕ್ಷಿಣ ಅಮೆರಿಕದ್ದು. ಹೀಗೆಯೇ ಬಿಡುಗಡೆಯಾಗಿ ಇಂದು ದೇಶದ ಹಲವು ಕೆರೆ, ಹೊಳೆಗಳಲ್ಲಿ ತಳವೂರಿದೆ. ಆಫ್ರಿಕಾದ ಮೀಸೆ ಮೀನಿನ ಸಾಕಣೆಯನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಿತು, ಆದರೂ ಅದು ನಮ್ಮ ನೀರಿನಿಂದ ಹೋಗಿಲ್ಲ. ಒಮ್ಮೆ ಕೆರೆಗೆ ಬಿದ್ದ ಮೀನು ಆದೇಶ ಓದುವುದಿಲ್ಲ.

ತಂದೆಯಾದವರು ಮೊದಲು ನೋಡಬೇಕಾದದ್ದು ಕೆರೆಯ ಬಾಗಿಲಿನ ಫಲಕವನ್ನು. ಎಷ್ಟೋ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಟ್ಟಿರುತ್ತದೆ. ಅಲ್ಲಿ ಕೇಳದೆ ಗಾಳ ಹಾಕುವುದು ಇನ್ನೊಬ್ಬರ ಹೊಟ್ಟೆಪಾಡಿಗೆ ಕೈ ಹಾಕಿದಂತೆ. ಕೆಲವೆಡೆ ಗಾಳವೇ ನಿಷಿದ್ಧ. ಅನುಮತಿ ಇರುವಲ್ಲೂ ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು. ಹೂಳೆತ್ತಿದ ಕೆರೆಗಳಲ್ಲಿ ದಡದಿಂದ ಎರಡು ಹೆಜ್ಜೆಗೇ ಆಳ ಶುರುವಾಗುತ್ತದೆ, ಹೊರಗಿನಿಂದ ಅದು ತಿಳಿಯುವುದಿಲ್ಲ. ವಕ್ರೀಭವನದಿಂದಾಗಿ ಮೇಲಿನಿಂದ ನೇರವಾಗಿ ನೋಡುವವನಿಗೆ ನಾಲ್ಕು ಅಡಿ ಆಳ ಮೂರು ಅಡಿಯಂತೆ ಕಾಣುತ್ತದೆ ಎಂಬುದೂ ಪರೀಕ್ಷೆಗಾಗಿ ಮಾತ್ರ ಕಲಿಯುವ ವಿಷಯವಲ್ಲ.

ಗಾಳ ಬೇಡವೆನ್ನುವ ಮನೆಯ ಮಕ್ಕಳಿಗೂ ಈ ಕೆರೆಗಳಲ್ಲಿ ಕೆಲಸವಿದೆ. ಗಾಜಿನ ಬಿರಡೆಯ ಎರಡು ಸೀಸೆ ತೆಗೆದುಕೊಂಡು, ದೊಡ್ಡವರೊಬ್ಬರ ಜೊತೆಯಲ್ಲಿ, ಒಂದನ್ನು ಸೂರ್ಯೋದಯಕ್ಕೆ, ಇನ್ನೊಂದನ್ನು ಮಧ್ಯಾಹ್ನ ಮೂರಕ್ಕೆ, ಒಳಗೆ ಗಾಳಿಗುಳ್ಳೆ ಉಳಿಯದಂತೆ ಕೆರೆಯ ನೀರಿನಲ್ಲಿ ಮುಳುಗಿಸಿ ತುಂಬಬೇಕು. ಶಾಲೆಯ ಅಥವಾ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರನ್ನು ಕಾಡಿ ಬೇಡಿ ದಡಕ್ಕೇ ಕರೆತಂದರೆ, ಅವರು ತುಂಬಿದೊಡನೆ ಪ್ರತಿ ಸೀಸೆಗೂ ಸ್ವಲ್ಪ ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರದಲ್ಲಿ ಕರಗಿಸಿದ ಪೊಟ್ಯಾಸಿಯಂ ಅಯೊಡೈಡನ್ನೂ ಪಿಪೆಟ್ಟಿನಿಂದ ಇಳಿಸಿ, ಬಿರಡೆ ಹಾಕಿ ಅಲುಗಿಸುತ್ತಾರೆ. ವಿಂಕ್ಲರ್ ಎಂಬ ಹಂಗೇರಿಯ ರಸಾಯನಜ್ಞ 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಆಮ್ಲಜನಕ ಇದ್ದಷ್ಟೂ ತಳಕ್ಕಿಳಿಯುವ ಗಸಿ ಕಂದಾಗುತ್ತದೆ. ಮೂರು ಗಂಟೆಯ ಸೀಸೆಯಲ್ಲಿ ಗಾಢ ಕಂದು ಬಂದು, ಬೆಳಗಿನ ಸೀಸೆಯಲ್ಲಿ ಗಸಿ ಹಾಲಿನಂತೆ ಬಿಳಿಯಾಗಿಯೇ ಉಳಿದರೆ, ಆ ಕೆರೆಯ ಮೀನುಗಳು ಹಿಂದಿನ ರಾತ್ರಿಯನ್ನು ಹೇಗೆ ಕಳೆದವು ಎಂಬುದು ಮೇಜಿನ ಮೇಲೆಯೇ ಕಾಣಸಿಗುತ್ತದೆ.